ದಂತರಕ್ಷಣೆ: ರೂಢಮೂಲವಾದ ತಪ್ಪು ತಿಳಿವಳಿಕೆಗಳು

ಹಲ್ಲು, ವಸಡು, ನಾಲಗೆಗಳ ಆರೋಗ್ಯವನ್ನು ಕುರಿತು ತಲೆಮಾರುಗಳಿಂದ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಸಾಗಿಬಂದು ಜನಮನದಲ್ಲಿ ನೆಲೆನಿಂತಿರುವ, ಆದರೆ ವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲದ ನಂಬಿಕೆಗಳು ಹಲವು. ಇವುಗಳಲ್ಲಿ ಶುದ್ಧ ಕಟ್ಟುಕಥೆಯೆನ್ನಬಹುದಾದುವು ಕೆಲವೇ. ಹೆಚ್ಚಿನವುಗಳ ಬುಡದಲ್ಲಿ ಯಾರೋ ಸರಿಯಾಗಿಯೇ ಕಂಡ ಒಂದು ಸಂಗತಿಯುಂಟು: ಮೇಲುದವಡೆಯ ಹಲ್ಲು ಕೀಳಿಸಿಕೊಂಡವನ ದೃಷ್ಟಿ ಮಂಜಾದದ್ದು ನಿಜ, ಹಲ್ಲಿನ ಗಾರೆ ತೆಗೆಸಿಕೊಂಡವಳ ಹಲ್ಲು ಅಲುಗಾಡಿದ್ದು ನಿಜ, ಕೆಟ್ಟ ಹಲ್ಲಿನ ನೋವು ಒಂದು ರಾತ್ರಿ ತಾನಾಗಿಯೇ ಅಡಗಿದ್ದೂ ನಿಜ. ತಪ್ಪಿದ್ದು ಕಾರ್ಯಕ್ಕೂ ಕಾರಣಕ್ಕೂ ಹಾಕಿದ ಗಂಟಿನಲ್ಲಿ. ಆದುದರಿಂದ ನಂಬಿಕೆಯನ್ನು ಹೇಳುವಾಗ ಅದಕ್ಕೆ ಆಸ್ಪದವಿತ್ತ ಅನುಭವವನ್ನೂ ಹೇಳದೆ ಹೋದರೆ ವಿವೇಚನೆ ಅರ್ಧವಾದೀತು.

ಇವೆಲ್ಲಕ್ಕೂ ಹಿರಿಯದು ಹಲ್ಲಿನ ಹುಳುವಿನ ಕಲ್ಪನೆ. ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ‘ಹುಳುಕು ಹಲ್ಲು’ ಎಂಬುದೇ ಹೆಸರು, ಸುಶ್ರುತಸಂಹಿತೆಯಲ್ಲಿ ಈ ವ್ಯಾಧಿಗೆ ‘ಕೃಮಿದಂತಕ’ವೆಂಬ ಸಂಜ್ಞೆಯಿದೆ, ‘ಹಲ್ಲಿಗೆ ಹುಳು ಹಿಡಿದಿದೆ’ ಎಂಬ ಮಾತನ್ನು ದಂತವೈದ್ಯರ ಕೊಠಡಿಯಲ್ಲಿ ಇಂದಿಗೂ ನಿತ್ಯ ಕೇಳಬಹುದು. ಬ್ಯಾಬಿಲೋನಿಯದ ಮಣ್ಣಿನ ಹಲಗೆಯೊಂದರ ಮೇಲೆ ಬರೆದಿಟ್ಟ ಹಲ್ಲುನೋವಿನ ಮಂತ್ರವು ಸೃಷ್ಟಿಯ ಕಥೆಯಿಂದಲೇ ಆರಂಭವಾಗಿ, ದೇವತೆಯು ಆಹಾರವಾಗಿ ಕೊಡಬಂದ ಹಣ್ಣನ್ನು ಒಲ್ಲದೆ ಹುಳುವು ಮನುಷ್ಯನ ಹಲ್ಲಿಗೂ ದವಡೆಗೂ ನಡುವೆ ಇಂಬು ಬೇಡಿದ ವೃತ್ತಾಂತವನ್ನು ಹೇಳುತ್ತದೆ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಹೆನ್‌ಬೇನ್ ಎಂಬ ವಿಷಸಸ್ಯದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಕೊಡುವ ವಿಧಾನವನ್ನು ವಿವರಿಸಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಅದೇ ಕೆಲಸವನ್ನು ಅದೇ ಕುಟುಂಬದ ಗಿಡವಾದ ನೆಲಗುಳ್ಳದ ಬೀಜದಿಂದ ಮಾಡುತ್ತಿದ್ದರು. ಹೊಗೆ ಕುಡಿಸಿದ ಅನಂತರ ರೋಗಿಯನ್ನು ನೀರಿನ ಪಾತ್ರೆಯ ಮೇಲೆ ಬಾಗಿಸಿದರೆ, ನೀರಿನಲ್ಲಿ ಬಿಳಿಯ ಸಣ್ಣ ಹುಳುಗಳು ತೇಲುವುದನ್ನು ಅವನು ಕಣ್ಣಾರೆ ಕಾಣುತ್ತಿದ್ದ. ಕಣ್ಣಾರೆ ಕಂಡದ್ದನ್ನು ನಂಬಬೇಡವೆಂದು ಯಾರು ಹೇಳಿಯಾರು?

ಆ ಹುಳುಗಳ ನಿಜಸ್ವರೂಪವನ್ನು ಜರ್ಮನಿಯ ರೇಗನ್ಸ್‌ಬರ್ಗ್ ನಗರದ ಪಾದ್ರಿಯೂ ನಿಸರ್ಗಶಾಸ್ತ್ರಜ್ಞನೂ ಆಗಿದ್ದ ಯಾಕೋಬ್ ಕ್ರಿಶ್ಚಿಯನ್ ಶೇಫರ್ 1757ರಲ್ಲಿ ಒಂದು ಗ್ರಂಥವನ್ನೇ ಬರೆದು ಬಯಲಿಗೆಳೆದನು. ಬೀಜವು ಕಾವಿಗೆ ಸಿಡಿದಾಗ ಅದರೊಳಗೆ ಸುರುಳಿಗೊಂಡು ಮಲಗಿದ್ದ ಬೆಳ್ಳನೆಯ ಮೊಳಕೆ ಹೊರಬೀಳುತ್ತದೆ. ನೋಡಲು ಅದು ಹುಳುವಿನಂತೆಯೇ ಇರುತ್ತದೆ. ಬಾಯಿಯ ಸಂಪರ್ಕವೇ ಇಲ್ಲದೆ ಬೀಜವನ್ನು ಸುಟ್ಟರೂ ‘ಹುಳು’ ಉದುರುವುದು ತಪ್ಪುವುದಿಲ್ಲ. ಅದಕ್ಕೂ ಮೊದಲು ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ, ವಾದ್ಯದ ತಂತಿಯ ತುಣುಕುಗಳನ್ನು ನೀರಿಗೆ ಸೇರಿಸಿ ಹುಳುವೆಂದು ತೋರಿಸಿ ಹಣ ಕೀಳುವ ವಂಚಕರ ವಿಷಯವನ್ನು ಬರೆದಿದ್ದನು. ಆಧುನಿಕ ದಂತವೈದ್ಯದ ಮೂಲಪುರುಷನೆಂದು ಮನ್ನಣೆ ಪಡೆದ ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಿಂದ ಹುಡುಕಿಯೂ ಕೆಟ್ಟ ಹಲ್ಲಿನಲ್ಲಿ ತನಗೆ ಹುಳು ಸಿಕ್ಕಲಿಲ್ಲವೆಂದು ಹೇಳಿದನು.

ವಿನೋದವೆಂದರೆ, ಹುಳುವಿಲ್ಲವೆಂದು ಸಾಧಿಸಹೊರಟ ಸೂಕ್ಷ್ಮದರ್ಶಕವೇ ಬಾಯಿಯಲ್ಲಿ ಜೀವಿಗಳಿವೆಯೆಂದು ಆ ಹೊತ್ತಿಗಾಗಲೇ ತೋರಿಸಿಕೊಟ್ಟಿತ್ತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯಿಂದ ಕೆರೆದು ತೆಗೆದ ಬಿಳಿಯ ಲೇಪದಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿರುವುದನ್ನು ಕಂಡು, 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಆ ಜೀವಿಗಳಿಗೂ ಹಲ್ಲು ಕೆಡುವುದಕ್ಕೂ ಇರುವ ಸಂಬಂಧ ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕದ ವಿಜ್ಞಾನಿ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಬಾಯಿಯ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ ಪಿಷ್ಟಗಳನ್ನು ಹುಳಿಸಿ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲವು ಹಲ್ಲಿನ ಖನಿಜವನ್ನು ಕರಗಿಸುತ್ತದೆ. 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಗುರುತಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ಈ ಜೀವಿಗಳಲ್ಲಿ ಪ್ರಮುಖವಾದದ್ದು. ಹಾಗಾದರೆ ಅಜ್ಜಿಯ ಹುಳು ಅರ್ಧ ಸತ್ಯವೇ ಆಯಿತಲ್ಲ ಎನ್ನಬಹುದು. ಆದರೆ ಆಚರಣೆಯಲ್ಲಿ ಈ ಎರಡು ಕಲ್ಪನೆಗಳ ಪರಿಣಾಮ ಬೇರೆಬೇರೆ: ಹುಳುವನ್ನು ನಂಬಿದವನು ಅದನ್ನು ಕೊಲ್ಲಲೆಂದು ಕರ್ಪೂರವನ್ನೋ ಸೀಮೆಎಣ್ಣೆಯನ್ನೋ ಹೊಗೆಸೊಪ್ಪನ್ನೋ ಕುಳಿಗೆ ತುಂಬುತ್ತಾನೆ; ಆಮ್ಲವನ್ನು ಅರಿತವನು ತಟ್ಟೆಯ ಕಡೆಗೆ ನೋಡುತ್ತಾನೆ.

ತಟ್ಟೆಯ ಕಡೆಗೆ ನೋಡಿದವರಲ್ಲಿಯೂ ‘ಸಿಹಿ ಎಷ್ಟು ತಿಂದರೆ ಹಲ್ಲು ಅಷ್ಟು ಕೆಡುತ್ತದೆ’ ಎಂಬ ಇನ್ನೊಂದು ಸರಳೀಕರಣ ಬಳಕೆಯಲ್ಲಿದೆ. ಸ್ವೀಡನ್ನಿನ ಲುಂಡ್ ನಗರದ ಬಳಿಯ ವಿಪೆಹೋಮ್ ಆಸ್ಪತ್ರೆಯಲ್ಲಿ 1945ರಿಂದ 1955ರವರೆಗೆ ನಡೆದ ಪ್ರಯೋಗದಲ್ಲಿ, ಊಟದೊಂದಿಗೆ ತೆಗೆದುಕೊಂಡ ಸಕ್ಕರೆಯಿಂದ ಆದ ಹಾನಿ ಅಲ್ಪವೆಂದೂ, ಊಟಗಳ ನಡುವೆ ಮತ್ತೆ ಮತ್ತೆ ತಿಂದ ಅಂಟು ಮಿಠಾಯಿಯಿಂದ ಆದ ಹಾನಿ ಬಹಳವೆಂದೂ ಸ್ಪಷ್ಟವಾಯಿತು. ಪ್ರಯೋಗಕ್ಕೆ ಒಳಗಾದವರು ಒಪ್ಪಿಗೆ ಹೇಳುವ ಸ್ಥಿತಿಯಲ್ಲಿರದ ಬುದ್ಧಿಮಾಂದ್ಯರೆಂಬುದು ಈ ಜ್ಞಾನಕ್ಕೆ ಅಂಟಿಕೊಂಡ ಕಳಂಕ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಣ ಲೇಪದ ಆಮ್ಲತೆ ಏರುತ್ತದೆ; ಪಿ.ಎಚ್. ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು ಆಮ್ಲವನ್ನು ಶಮನಗೊಳಿಸಿ, ಕಳೆದ ಖನಿಜದಲ್ಲಿ ಒಂದಷ್ಟನ್ನು ಮರಳಿ ತುಂಬುತ್ತದೆ. ಅರ್ಧ ಗಂಟೆಗೊಮ್ಮೆ ಸಕ್ಕರೆಯ ಕಾಫಿ ಗುಟುಕರಿಸುವವನ ಬಾಯಲ್ಲಿ ಈ ದುರಸ್ತಿಗೆ ಬಿಡುವೇ ಸಿಕ್ಕುವುದಿಲ್ಲ. ಹಬ್ಬದ ಊಟದಲ್ಲಿ ಎರಡು ಹೋಳಿಗೆ ಹೆಚ್ಚು ತಿಂದವನಿಗಿಂತ ಇವನ ಹಲ್ಲಿಗೇ ಅಪಾಯ ಹೆಚ್ಚು. ಬೆಲ್ಲವು ‘ನೈಸರ್ಗಿಕ’ವಾದುದರಿಂದ ಹಲ್ಲಿಗೆ ನಿರಪಾಯವೆಂಬ ಮಾತಿಗೂ ಆಧಾರವಿಲ್ಲ; ಅದರ ಬಹುಭಾಗವೂ ಸಕ್ಕರೆಯೇ, ಮೇಲಾಗಿ ಅಂಟುವ ಗುಣದ್ದು.

ನೋವಿಲ್ಲದಿದ್ದರೆ ರೋಗವಿಲ್ಲವೆಂಬುದು ಅತ್ಯಂತ ವ್ಯಾಪಕವಾದ ಮತ್ತು, ಈ ಲೇಖಕನ ಅಭಿಪ್ರಾಯದಲ್ಲಿ, ಅತ್ಯಂತ ಹಾನಿಕರವಾದ ಭ್ರಮೆ. ಎನಾಮಲಿಗೆ ನರವಿಲ್ಲ, ಕುಳಿಯು ಅದನ್ನು ದಾಟಿ ಒಳಪದರವಾದ ಡೆಂಟೀನನ್ನು ಕೊರೆಯುವವರೆಗೆ ಹಲ್ಲು ಮೌನವಾಗಿರುತ್ತದೆ. ಮುಂದೆ ತಣ್ಣೀರಿಗೆ ಜುಮ್ಮೆನ್ನುವುದು, ಕಡೆಗೆ ತಿರುಳು ಊದಿಕೊಂಡಾಗ ರಾತ್ರಿಯೆಲ್ಲ ನಿದ್ರೆಗೆಡಿಸುವ ಸಿಡಿತ. ಗಟ್ಟಿ ಗೋಡೆಗಳ ಇಕ್ಕಟ್ಟಿನಲ್ಲಿ ಊದಿದ ತಿರುಳು ರಕ್ತಸಂಚಾರ ನಿಂತು ಸತ್ತುಹೋದಾಗ ನೋವು ಥಟ್ಟನೆ ನಿಲ್ಲುತ್ತದೆ. ಮನೆಯವರು ಇದನ್ನು ಲವಂಗದೆಣ್ಣೆಯ ಮಹಿಮೆಯೆಂದೋ ಹರಕೆಯ ಫಲವೆಂದೋ ಹೇಳಿ ನಿಶ್ಚಿಂತರಾಗುತ್ತಾರೆ. ಲವಂಗದೆಣ್ಣೆಯಲ್ಲಿರುವ ಯೂಜಿನಾಲಿಗೆ ನೋವನ್ನು ಮಂದಗೊಳಿಸುವ ಶಕ್ತಿಯುಂಟೆಂಬುದು ದಿಟ, ದಂತವೈದ್ಯರೂ ಅದನ್ನು ಬಳಸುತ್ತಾರೆ. ಆದರೆ ಅದು ಕುಳಿಯನ್ನು ತುಂಬಲಾರದು, ಸತ್ತ ತಿರುಳನ್ನು ಎಬ್ಬಿಸಲಾರದು. ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಬೇರಿನ ತುದಿಯಲ್ಲಿ ಕೀವುಗಟ್ಟಿ ಕೆನ್ನೆ ಬಾತು ರೋಗಿ ಮರಳಿ ಬಂದಾಗ, ಸುಲಭವಾಗಿ ತುಂಬಬಹುದಾಗಿದ್ದ ಹಲ್ಲನ್ನು ಕೀಳಬೇಕಾಗುತ್ತದೆ. ಆಗ ಸಾಮಾನ್ಯವಾಗಿ ದೂರು ಬರುವುದು ವೈದ್ಯನ ಮೇಲೆ. ನೋವಿನ ಜಾಗದಲ್ಲಿ ಆಸ್ಪಿರಿನ್ ಮಾತ್ರೆಯನ್ನು ಒತ್ತಿಟ್ಟುಕೊಳ್ಳುವ ಅಭ್ಯಾಸವೂ ಇದೆ. ಮಾತ್ರೆ ಕೆಲಸ ಮಾಡುವುದು ರಕ್ತದ ಮೂಲಕ; ವಸಡಿನ ಮೇಲಿಟ್ಟರೆ ಅದು ಮಾಂಸವನ್ನು ಸುಡುತ್ತದೆ, ಅಷ್ಟೆ.

ವಸಡಿನ ವಿಷಯದಲ್ಲಿ ಎರಡು ನಂಬಿಕೆಗಳು ಜೊತೆಜೊತೆಯಾಗಿ ನಡೆಯುತ್ತವೆ. ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬೇಕೆಂಬುದು ಒಂದು. ಯಂತ್ರದಿಂದ ಹಲ್ಲು ಶುಚಿಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬುದು ಇನ್ನೊಂದು. ಮೊದಲನೆಯದರ ನಿರಾಕರಣೆ 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಿಂದ ಆಯಿತು. ಆರೋಗ್ಯವಾದ ವಸಡಿದ್ದ 12 ಮಂದಿ ಹಲ್ಲುಜ್ಜುವುದನ್ನು ಬಿಟ್ಟರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಈಡಾಯಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಂದರೆ ರಕ್ತ ಬರುವುದು ಉಜ್ಜಿದ್ದಕ್ಕಲ್ಲ, ಸಾಕಷ್ಟು ಉಜ್ಜದೆ ಬುಡದಲ್ಲಿ ಪಾಚಿಯನ್ನು ಉಳಿಸಿದ್ದಕ್ಕೆ. ಈ ಪಾಚಿಯು ಜೊಲ್ಲಿನ ಸುಣ್ಣದಂಶವನ್ನು ಹೀರಿ ಕಲ್ಲಿನಂತೆ ಗಟ್ಟಿಯಾದದ್ದೇ ಗಾರೆ. ಗಾರೆಯ ಮೇಲೆ ಮತ್ತೆ ಪಾಚಿ ಕಟ್ಟಿ, ಅದರಿಂದ ವಸಡು ಊದಿ, ಹಲ್ಲನ್ನು ಹಿಡಿದ ಮೂಳೆ ವರ್ಷಗಟ್ಟಲೆ ನವೆಯುತ್ತ ಬಂದಿದ್ದರೂ, ಗಾರೆಯೇ ಅಕ್ಕಪಕ್ಕದ ಹಲ್ಲುಗಳನ್ನು ಬೆಸುಗೆ ಹಾಕಿದಂತೆ ಹಿಡಿದಿರುವುದರಿಂದ ಸಡಿಲ ತೋರಿಬರುವುದಿಲ್ಲ. ಅದನ್ನು ತೆಗೆದ ದಿನ ಸಂದಿ ಕಾಣುತ್ತದೆ, ಹಲ್ಲು ಅಲುಗುತ್ತದೆ, ತಣ್ಣೀರು ಚುಳ್ಳೆನ್ನುತ್ತದೆ. ಕುಸಿದ ಗೋಡೆಗೆ ಆನಿಸಿದ್ದ ಕಸದ ರಾಶಿಯನ್ನು ತೆಗೆದವನೇ ಗೋಡೆ ಕೆಡವಿದನೆಂಬ ಅಪವಾದ ಇದು. ಈ ಚಿಕಿತ್ಸೆ ಪಾಶ್ಚಾತ್ಯರ ಹೊಸ ಆವಿಷ್ಕಾರವೂ ಅಲ್ಲ: ಸುಶ್ರುತನು ಇದನ್ನು ‘ದಂತಶರ್ಕರಾ’ ಎಂದು ಕರೆದು, ಹಲ್ಲಿನ ಬುಡಕ್ಕೆ ಪೆಟ್ಟಾಗದಂತೆ ಕೆರೆದು ತೆಗೆಯಬೇಕೆಂದು ವಿಧಿಸಿದ್ದಾನೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಭಯವು ಭಾರತದಲ್ಲೆಲ್ಲ ಇದೆ. ಇಂಗ್ಲಿಷರೂ ಮೇಲುದವಡೆಯ ಕೋರೆಹಲ್ಲಿಗೆ ‘ಕಣ್ಣಿನ ಹಲ್ಲು’ ಎಂಬರ್ಥದ ಹೆಸರಿಟ್ಟಿದ್ದಾರೆ. ಹಲ್ಲುಗಳಿಗೆ ಸ್ಪರ್ಶಜ್ಞಾನ ಕೊಡುವುದು ಮೂರು ಕವಲುಗಳಾಗಿ ಒಡೆಯುವ ಐದನೆಯ ಕಪಾಲನರ. ದೃಷ್ಟಿಯ ನರವಾದ ಎರಡನೆಯದು ಅದರಿಂದ ಬೇರೆಯೇ ಆಗಿ ಮಿದುಳಿಗೆ ಹೋಗುತ್ತದೆ. ಮತ್ತೆ ಈ ನಂಬಿಕೆ ಹುಟ್ಟಿದ್ದು ಹೇಗೆ? ಹಲ್ಲುಗಳು ಒಂದೊಂದಾಗಿ ಹೋಗತೊಡಗುವ ನಲವತ್ತರ ವಯಸ್ಸಿಗೇ ಚಾಳೀಸೂ ಬರುತ್ತದೆ. ಮೊನ್ನೆ ಹಲ್ಲು ಕೀಳಿಸಿದವನಿಗೆ ಇಂದು ಪಂಚಾಂಗದ ಅಕ್ಷರ ಮಸುಕಾದರೆ ಎರಡನ್ನೂ ಸೇರಿಸಿ ನೋಡುವುದು ಮನುಷ್ಯಸಹಜ. ಇದಲ್ಲದೆ ಇನ್ನೊಂದು ಕಾರಣವೂ ಇರಬಹುದು. ಮೇಲುದವಡೆಯ ಹಲ್ಲಿನ ಕೀವು ಅಪರೂಪವಾಗಿ ಮುಖದ ಅಭಿಧಮನಿಗಳ ಮಾರ್ಗವಾಗಿ ಕಣ್ಣಿನ ಹಿಂಭಾಗಕ್ಕೆ ಹರಡಿ, ದೃಷ್ಟಿಗಷ್ಟೇ ಅಲ್ಲ, ಪ್ರಾಣಕ್ಕೂ ಸಂಚಕಾರ ತರುವುದುಂಟು. ಅಂಥ ಸಂದರ್ಭದಲ್ಲಿ ಅಪಾಯವಿದ್ದದ್ದು ಕೊಳೆತ ಹಲ್ಲನ್ನು ಇಟ್ಟುಕೊಂಡಿದ್ದರಲ್ಲಿ. ಕಣ್ಣಿನ ಭಯದಿಂದ ಕೀಳಿಸದೆ ಉಳಿದವನು ಆ ಅಪಾಯವನ್ನೇ ಬೆಳೆಸಿಕೊಳ್ಳುತ್ತಾನೆ.

ಹಾಲುಹಲ್ಲುಗಳು ಹೇಗೂ ಬೀಳುವಂಥವು, ಅವಕ್ಕೆ ಆರೈಕೆ ಏತಕ್ಕೆಂಬ ಉದಾಸೀನವು ಸುಶಿಕ್ಷಿತರಲ್ಲಿಯೂ ಕಾಣುತ್ತದೆ. ಸುಮಾರು ಆರನೆಯ ತಿಂಗಳಿಂದ ಎರಡೂವರೆ ವರ್ಷದೊಳಗೆ ಮೂಡುವ 20 ಹಾಲುಹಲ್ಲುಗಳಲ್ಲಿ ಹಿಂದಿನವು ಹತ್ತು ಹನ್ನೆರಡನೆಯ ವಯಸ್ಸಿನವರೆಗೂ ಇರುತ್ತವೆ. ಅಗಿಯುವುದಕ್ಕಲ್ಲದೆ ಮುಂದಿನ ಹಲ್ಲಿಗೆ ಜಾಗ ಕಾಯುವುದಕ್ಕೂ ಅವು ಬೇಕು. ಅಕಾಲದಲ್ಲಿ ಒಂದು ಹೋದರೆ ನೆರೆಯದು ವಾಲಿ, ಬರಬೇಕಾದದ್ದು ಸೊಟ್ಟಗೆ ಬರುತ್ತದೆ. ಇದಕ್ಕಿಂತ ವಿಷಾದಕರವಾದದ್ದು ಆರು ವರ್ಷದ ದವಡೆಹಲ್ಲಿನ ಗತಿ. ಆ ವಯಸ್ಸಿನಲ್ಲಿ ಯಾವ ಹಲ್ಲೂ ಬೀಳದೆ ಸಾಲಿನ ಕಟ್ಟಕಡೆಯಲ್ಲಿ ಸದ್ದಿಲ್ಲದೆ ಮೂಡುವ ಈ ನಾಲ್ಕು ಹಲ್ಲುಗಳು ಬಾಳಿನುದ್ದಕ್ಕೂ ಇರತಕ್ಕವು. ತಾಯಿತಂದೆಗಳು ಇವನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೆ ‘ಬಿದ್ದು ಬೇರೆ ಬರುತ್ತೆ ಬಿಡು’ ಎಂದು ಸುಮ್ಮನಾಗುತ್ತಾರೆ. ಬೇರೆ ಬರುವುದಿಲ್ಲ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆಸೆಯುವ ಮಕ್ಕಳ ಸಂಭ್ರಮಕ್ಕೆ ಈ ಹಲ್ಲು ಎಂದೂ ಒದಗಬಾರದು.

ಹಲ್ಲು ಬರುವಾಗ ಜ್ವರ, ಭೇದಿ ಸಹಜವೆಂಬುದು ತೊಟ್ಟಿಲ ಸುತ್ತಣ ನಂಬಿಕೆ. ಆರನೆಯ ತಿಂಗಳ ಹೊತ್ತಿಗೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಂದುತ್ತದೆ. ಮಗು ತೆವಳುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹಲ್ಲೂ ಅದೇ ವೇಳೆಗೆ ಮೂಡುತ್ತದೆ. ಜೊಲ್ಲು ಸುರಿಯುವುದು, ವಸಡು ಕಡಿಯುವುದು, ಸ್ವಲ್ಪ ರಚ್ಚೆ, ಇಷ್ಟನ್ನು ಹಲ್ಲಿನ ಲೆಕ್ಕಕ್ಕೆ ಹಾಕಬಹುದು. ಹೆಚ್ಚಿನ ಜ್ವರವನ್ನು ಹಾಗೆ ಹಾಕಿ ಕುಳಿತರೆ ನಿಜವಾದ ಸೋಂಕಿಗೆ ಚಿಕಿತ್ಸೆ ತಪ್ಪುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಶಿಶುಮರಣದ ಸರ್ಕಾರಿ ಪಟ್ಟಿಗಳಲ್ಲಿ ‘ಹಲ್ಲು ಬರುವಿಕೆ’ಯೂ ಮರಣಕಾರಣವಾಗಿ ದಾಖಲಾಗುತ್ತಿತ್ತು, ವೈದ್ಯರು ಎಳೆಗೂಸಿನ ವಸಡನ್ನು ಚಾಕುವಿನಿಂದ ಸೀಳುತ್ತಿದ್ದರು, ಪಾದರಸಯುಕ್ತ ಪುಡಿಗಳನ್ನು ತಿನ್ನಿಸುತ್ತಿದ್ದರು. ಕೈಕಾಲು ಕೆಂಪೇರಿ ಮಕ್ಕಳು ನರಳುತ್ತಿದ್ದ ವಿಚಿತ್ರ ವ್ಯಾಧಿಯೊಂದು, 1950ರ ದಶಕದಲ್ಲಿ ಆ ಪುಡಿಗಳಿಂದ ಪಾದರಸವನ್ನು ಕೈಬಿಟ್ಟೊಡನೆ ಮಾಯವಾಯಿತು. ಇದರ ಮುಂದೆ, ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲವೆಂಬ ನಮ್ಮವರ ನಂಬಿಕೆ ಮಗುವಿನ ಪಾಲಿಗಾದರೂ ನಿರುಪದ್ರವಿ.

ಉಜ್ಜುವ ಸಾಧನಗಳ ಬಗೆಗೆ ಹಳಬರೂ ಹೊಸಬರೂ ಸಮವಾಗಿ ತಪ್ಪುತ್ತಾರೆ. ಸುಶ್ರುತನು ಹನ್ನೆರಡು ಅಂಗುಲದ ಹಸಿಯ ಕಡ್ಡಿಯನ್ನು ವಿಧಿಸಿ, ಕಹಿಯಲ್ಲಿ ಬೇವನ್ನೂ ಖಾರದಲ್ಲಿ ಹೊಂಗೆಯನ್ನೂ ಶ್ರೇಷ್ಠವೆಂದನು. ತುದಿಯನ್ನು ಕುಂಚದಂತೆ ಜಗಿದು ಮೆಲ್ಲನೆ ಬಳಸಿದರೆ ಕಡ್ಡಿಯು ಬ್ರಷ್ಷಿನ ಕೆಲಸವನ್ನು ಬಹುಮಟ್ಟಿಗೆ ಮಾಡೀತು. ಆದರೆ ಇಟ್ಟಿಗೆಪುಡಿ, ಮರಳು, ಒರಟು ಇದ್ದಿಲುಗಳಿಂದ ತಿಕ್ಕುವುದು ಪಾತ್ರೆಗೆ ತಕ್ಕದ್ದು, ಹಲ್ಲಿಗಲ್ಲ. ಎನಾಮಲ್ ದೇಹದಲ್ಲೆಲ್ಲ ಅತಿ ಗಟ್ಟಿಯಾದ ವಸ್ತು, ತೂಕದಲ್ಲಿ ಸುಮಾರು 96 ಪಾಲು ಖನಿಜ. ಆದರೂ ಸವೆದರೆ ಮತ್ತೆ ಬೆಳೆಯುವುದಿಲ್ಲ. ಈಚೆಗೆ ಇದ್ದಿಲು ಬಣ್ಣದ ಕೊಳವೆಗಳಲ್ಲಿ ಹೊಸ ಹೆಸರಿನಿಂದ ಅಂಗಡಿಗೆ ಮರಳಿರುವುದನ್ನು ಕಂಡರೆ ಅಜ್ಜಂದಿರು ನಕ್ಕಾರು. ಬಲವಾಗಿ ಉಜ್ಜಿದಷ್ಟೂ ಶುಚಿಯೆಂಬುದೂ, ನೊರೆ ಹೆಚ್ಚಿದಷ್ಟೂ ಗುಣವೆಂಬುದೂ ಹೊಸ ಕಾಲದ ಭ್ರಮೆಗಳು. ನೊರೆ ಬರುವುದು ಸಾಬೂನಿನಂಥ ಪದಾರ್ಥದಿಂದ. ಹುಳುಕನ್ನು ತಡೆಯುವುದು ಪೇಸ್ಟಿನಲ್ಲಿರುವ ಫ್ಲೋರೈಡು. ಮುಂಜಾನೆ ಹಲ್ಲುಜ್ಜದೆ ನೀರೂ ಮುಟ್ಟದ ನಿಷ್ಠಾವಂತರು ರಾತ್ರಿ ಉಜ್ಜದೆ ಮಲಗುತ್ತಾರೆ. ನಿದ್ರೆಯಲ್ಲಿ ಜೊಲ್ಲು ಬತ್ತುವುದರಿಂದ ಹಲ್ಲಿಗೆ ರಕ್ಷಣೆ ಅತ್ಯಂತ ಕಡಮೆಯಿರುವ ಕಾಲ ಅದೇ.

ಹೊಗೆಸೊಪ್ಪು ಹಲ್ಲನ್ನು ಗಟ್ಟಿಮಾಡುತ್ತದೆಂಬ ನಂಬಿಕೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಹೊಂದಿದ ಉತ್ತರ ಕರ್ನಾಟಕದಲ್ಲಿಯೂ ಹುರಿದ ಹೊಗೆಸೊಪ್ಪಿನ ಪುಡಿಯಾದ ಮಿಶ್ರಿಯನ್ನು ಹಲ್ಲುಪುಡಿಯಂತೆ ತಿಕ್ಕುವ ಹೆಂಗಸರು ಬಹುಮಂದಿ. ಹಲ್ಲುನೋವಿಗೆಂದು ಒಂದು ದಿನ ಹಿಡಿದದ್ದು ಬಾಳಿನ ಚಟವಾಗುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲಿ ನಿಷೇಧಿಸಿತು. ಹೊಗೆಸೊಪ್ಪಿಲ್ಲದ ಎಲೆಯಡಿಕೆ ಹಲ್ಲಿಗೆ ಹಿತವೆಂಬ ಮಾತೂ ಉಳಿಯಲಿಲ್ಲ: ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಬಾಯಿ ತೆರೆಯಲಾರದಂತಾಗುವ ರೋಗಕ್ಕೂ ಅಡಿಕೆಯೇ ಮುಖ್ಯ ಕಾರಣ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ, ತಾಂಬೂಲವಿಲ್ಲದೆ ಶುಭಕಾರ್ಯ ಮುಗಿಯದ ನಾಡಿನಲ್ಲಿ ಈ ಮಾತನ್ನು ಬರೆಯುವುದು ಸುಖದ ಕೆಲಸವಲ್ಲ.

ಬೆಳ್ಳಗಿರುವುದೇ ಆರೋಗ್ಯದ ಲಕ್ಷಣವೆಂಬುದು ಜಾಹೀರಾತುಗಳು ಪೋಷಿಸಿದ ಕಲ್ಪನೆ. ಡೆಂಟೀನಿನ ಬಣ್ಣ ಸಹಜವಾಗಿ ನಸುಹಳದಿ. ಅರೆಪಾರದರ್ಶಕವಾದ ಎನಾಮಲಿನ ಮೂಲಕ ಅದು ಹೊರಗೆ ತೋರುತ್ತದೆ. ಇದಕ್ಕಿಂತ ಬೇರೆಯದು ಪಾವಗಡ, ಮುಂಡರಗಿ, ಕೋಲಾರ ಪ್ರದೇಶಗಳ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದುಪಟ್ಟೆ. ಕೊಳಕಿನಿಂದ ಬಂದ ಕಲೆಯೆಂದು ತಿಳಿದು ಅದನ್ನು ತಿಕ್ಕಿ ತಿಕ್ಕಿ ವಸಡು ಹರಿದುಕೊಳ್ಳುವವರುಂಟು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ಇಂಥದೇ ಕಲೆಯನ್ನು ಕಂಡ ದಂತವೈದ್ಯ ಫ್ರೆಡರಿಕ್ ಮೆಕೇ ಮೂವತ್ತು ವರ್ಷ ಅದರ ಬೆನ್ನು ಹತ್ತಿದನು; 1931ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಜ್ಞನು ಕಾರಣ ನೀರಿನ ಫ್ಲೋರೈಡೆಂದು ಕಂಡುಹಿಡಿದನು. ಭಾರತದಲ್ಲಿ ಇದರ ಮೊದಲ ವರದಿ 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ ಬಂತು. ಲೀಟರು ನೀರಿಗೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿ ಹಲ್ಲನ್ನು ಕಾಯುವ ಫ್ಲೋರೈಡು, ಒಂದೂವರೆಯನ್ನು ಮೀರಿದರೆ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲನ್ನು ಕೆಡಿಸುತ್ತದೆ. ಹಲ್ಲು ಬಲಿತ ಮೇಲೆ ಆ ಊರಿಗೆ ಬಂದ ಸೊಸೆಗೆ ಕಲೆ ಹತ್ತುವುದಿಲ್ಲ. ಅಲ್ಲಿ ಹುಟ್ಟಿ ಬೇರೆಡೆ ಹೋದ ಮಗಳಿಗೆ ಕಲೆ ಬಿಡುವುದೂ ಇಲ್ಲ.

ಬಸುರಿಗೆ ಹೆರಿಗೆಗೊಂದು ಹಲ್ಲು ಹೋಗುವುದೆಂಬ ಗಾದೆಯಂಥ ಮಾತು ಹಲವು ದೇಶಗಳಲ್ಲಿದೆ. ಗರ್ಭದ ಶಿಶು ತಾಯಿಯ ಹಲ್ಲಿನಿಂದ ಸುಣ್ಣವನ್ನು ಸೆಳೆಯುವುದಿಲ್ಲ. ರಸದೂತಗಳ ಏರಿಳಿತದಿಂದ ವಸಡು ಊದುವುದು, ವಾಂತಿಯ ಆಮ್ಲ, ಹೊತ್ತಲ್ಲದ ಹೊತ್ತಿನ ತಿನಿಸು, ಗರ್ಭಿಣಿಗೆ ಹಲ್ಲಿನ ಚಿಕಿತ್ಸೆ ಕೂಡದೆಂಬ ತಪ್ಪು ಭಯ, ಇವು ಸೇರಿ ಆ ಹಲ್ಲನ್ನು ಕಳೆಯುತ್ತವೆ. ಮುಪ್ಪಿಗೆ ಬೊಚ್ಚುಬಾಯಿ ಅನಿವಾರ್ಯವೆಂಬುದೂ ಹೀಗೆಯೇ. ಹಲ್ಲನ್ನು ಕಳೆಯುವುದು ರೋಗ, ವಯಸ್ಸಲ್ಲ.

ತಪ್ಪು ತಿಳಿವಳಿಕೆ ಜನಸಾಮಾನ್ಯರ ಸೊತ್ತು ಮಾತ್ರವೆಂದು ಭಾವಿಸಿದರೆ ವೈದ್ಯರ ಇತಿಹಾಸಕ್ಕೆ ಅಪಚಾರವಾದೀತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ, ಕೆಟ್ಟ ಬೇರುಗಳ ಮೇಲೆ ಚಿನ್ನದ ಕಿರೀಟ ಕೂರಿಸುವ ದಂತವೈದ್ಯವನ್ನು ಹಳಿದು, ದೇಹದ ಅನೇಕ ರೋಗಗಳಿಗೆ ಬಾಯಿಯ ಕೀವೇ ಮೂಲವೆಂದನು. ಆಕ್ಷೇಪದಲ್ಲಿ ಹುರುಳಿತ್ತು, ಅದನ್ನು ಸಿದ್ಧಾಂತಮಾಡಿಕೊಂಡವರು ಮಿತಿಯರಿಯಲಿಲ್ಲ. ಮುಂದಿನ ಎರಡು ಮೂರು ದಶಕಗಳಲ್ಲಿ ಸಂಧಿವಾತಕ್ಕೆಂದು, ಅಜೀರ್ಣಕ್ಕೆಂದು ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಅಸಂಖ್ಯ ಗಟ್ಟಿಹಲ್ಲುಗಳನ್ನು ಕಿತ್ತೆಸೆಯಲಾಯಿತು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಅಧೀಕ್ಷಕ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲೇ ಕಾರಣವೆಂದು ನಂಬಿ ರೋಗಿಗಳ ಬಾಯನ್ನು ಬರಿದುಮಾಡಿದನು. ಕಿತ್ತ ಮೇಲೂ ರೋಗ ವಾಸಿಯಾಗದ್ದನ್ನು ಎಣಿಸಿನೋಡಿದ ಅನಂತರವೇ ಈ ಮತ ಹಿಂದೆ ಸರಿಯಿತು. ಮಧುಮೇಹವು ವಸಡಿನ ರೋಗವನ್ನು ಉಲ್ಬಣಗೊಳಿಸುತ್ತದೆಂದೂ, ವಸಡಿನ ರೋಗವು ರಕ್ತದ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆಂದೂ ಕಂಡುಕೊಂಡಿರುವ ಇಂದಿನ ವೈದ್ಯರು ಬಾಯಿಗೂ ದೇಹಕ್ಕೂ ಇರುವ ನಂಟನ್ನು ಮತ್ತೆ ವಿಚಾರಿಸುತ್ತಿದ್ದಾರೆ. ಈ ಸಲ ಇಕ್ಕಳವನ್ನು ಪಕ್ಕಕ್ಕಿಟ್ಟು.